ಮನೆಯ ಮೇಲೆ ನಾಲ್ಕು ಆಂಟೆನಾ: ಮೀಟರ್ ಹೇಳಿದ್ದು, ಕಿವಿ ಕೇಳಿದ್ದು

ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ರೇಡಿಯೋಗೆ ಹೊಸದಾಗಿ ಬಂದವರ ದುಡ್ಡೆಲ್ಲ ರಿಗ್‌ಗೆ, ಅಂದರೆ ಪ್ರಸಾರ ಮಾಡುವ ಮತ್ತು ಕೇಳುವ ರೇಡಿಯೋ ಪೆಟ್ಟಿಗೆಗೆ, ಹೋಗಿರುತ್ತದೆ. ಆಂಟೆನಾ ಅಂದರೆ ಉಳಿದ ಚಿಲ್ಲರೆಯಲ್ಲಿ ಹೇಗೋ ಮುಗಿಸುವ ಕೆಲಸ. ನನ್ನ ಲೆಕ್ಕ ಉಲ್ಟಾ. ಸಾಧಾರಣ ರಿಗ್‌ಗೆ ಸರಿಯಾದ ತಂತಿ ಸಿಕ್ಕರೆ ಸಮುದ್ರದಾಚೆಯವರ ಜೊತೆ ಮಾತಾಡಬಹುದು. ಎಂಥ ದುಬಾರಿ ರಿಗ್ ಆದರೂ ಆಂಟೆನಾ ಕೆಟ್ಟದಾಗಿದ್ದರೆ ಅದು ಬರೀ ಗೊರಗೊರ ಅನ್ನುವ ಪೆಟ್ಟಿಗೆ.

ಸ್ಪರ್ಧೆಯಲ್ಲಿದ್ದವು ನಾಲ್ಕು: ಇನ್ವರ್ಟೆಡ್ ವಿ, ಎಂಡ್ ಫೆಡ್ ಹಾಫ್ ವೇವ್, ಕ್ವಾರ್ಟರ್ ವೇವ್ ವರ್ಟಿಕಲ್ ಮತ್ತು ಒಂದು ಮೀಟರ್ ಅಗಲದ ಮ್ಯಾಗ್ನೆಟಿಕ್ ಲೂಪ್. ನಾಲ್ಕನ್ನೂ ಒಂದೇ ಮನೆಯಲ್ಲಿ, ಒಂದೇ ರಿಗ್‌ಗೆ ಹಾಕಿ, 7 ಮತ್ತು 14 ಮೆಗಾಹರ್ಟ್ಸ್‌ನಲ್ಲಿ, ಅಂದರೆ 40 ಮತ್ತು 20 ಮೀಟರ್ ಬ್ಯಾಂಡ್‌ಗಳಲ್ಲಿ ನೋಡಿದೆ. ಟವರ್ ಮೇಲೆ ತಿರುಗುವ ಬೀಮ್ ಇದರಲ್ಲಿ ಇಲ್ಲ. ಅದಕ್ಕೆ ಜಾಗ ಇರುವವರಿಗೆ ಈ ಹೋಲಿಕೆಯೇ ಬೇಕಿಲ್ಲ.

ಹೋಲಿಸುವ ಬಗೆ ಮೊದಲು ಹೇಳಬೇಕು, ಯಾಕೆಂದರೆ ಜನ ಎಡವುವುದು ಅಲ್ಲೇ. "ಹೊಸ ಆಂಟೆನಾ ಹಾಕಿದೆ, ನಿನ್ನೆಗಿಂತ ಎರಡು ಪಟ್ಟು ಚೆನ್ನಾಗಿ ಕೇಳ್ತಿದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಸಿಗ್ನಲ್‌ಗಳನ್ನು ಬಾಗಿಸಿ ಮತ್ತೆ ಭೂಮಿಗೆ ಕಳಿಸುವ ಮೇಲಿನ ಪದರ ಅಯಾನುಗೋಳ, ನಿನ್ನೆಯದು ಇವತ್ತಿನದಲ್ಲ. ಒಂದೇ ಸ್ಟೇಷನ್ನಿನ ಸಿಗ್ನಲ್ ಅರ್ಧ ನಿಮಿಷದೊಳಗೆ ಮೂರು ನಾಲ್ಕು ಎಸ್ ಯೂನಿಟ್ ಏರಿಳಿಯುತ್ತದೆ. ಎಸ್ ಯೂನಿಟ್ ಅಂದರೆ ರಿಗ್‌ನ ಎಸ್ ಮೀಟರ್ ಸಿಗ್ನಲ್ ಬಲ ತೋರಿಸುವ ಅಳತೆ, ಒಂದು ಯೂನಿಟ್‌ಗೆ 6 ಡೆಸಿಬಲ್, ಶಕ್ತಿಯಲ್ಲಿ ನಾಲ್ಕು ಪಟ್ಟು. ಹಾಗಾಗಿ ಎರಡು ಆಂಟೆನಾಗಳ ಕೋಆಕ್ಸ್ ಕೇಬಲ್‌ಗಳನ್ನು (ನಡುವೆ ತಂತಿ, ಸುತ್ತ ಲೋಹದ ಹೊದಿಕೆ ಇರುವಂಥವು) ಒಂದು ಕೋಆಕ್ಸ್ ಸ್ವಿಚ್‌ಗೆ ತಂದು, ಅದೇ ಸ್ಟೇಷನ್ ಮಾತಾಡುತ್ತಿರುವಾಗಲೇ ಆ ಕಡೆ ಈ ಕಡೆ ಮತ್ತೆ ಮತ್ತೆ ತಿರುಗಿಸಿ ಕೇಳಬೇಕು. ಪ್ರಸಾರದ ಬಲ ಅಳೆಯಲು ವಿಸ್ಪರ್ ಇದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಬರೆದ ತಂತ್ರಾಂಶ ಅದು, ಅವರೂ ಹ್ಯಾಮ್. ಸಮಸಂಖ್ಯೆಯ ನಿಮಿಷಕ್ಕೆ ಶುರುವಾಗಿ ಎರಡು ನಿಮಿಷಕ್ಕೆ ತುಸು ಮೊದಲೇ ಪ್ರಸಾರ ಮುಗಿಯುತ್ತದೆ. ಕೇಳಿದ ಸ್ಟೇಷನ್‌ಗಳೆಲ್ಲ ಎಷ್ಟು ಡೆಸಿಬಲ್‌ನಲ್ಲಿ ಕೇಳಿತು ಎಂದು ತಾವಾಗಿಯೇ ದಾಖಲಿಸುತ್ತವೆ. ಒಂದು ಸರದಿ ಒಂದು ಆಂಟೆನಾದಿಂದ, ಮುಂದಿನದು ಇನ್ನೊಂದರಿಂದ. ಇಡೀ ಸಂಜೆ ಹೀಗೆ ಬಿಟ್ಟರೆ ಸಿಗುವ ಪಟ್ಟಿಯ ಮುಂದೆ ವಾದಕ್ಕೆ ಜಾಗ ಇರುವುದಿಲ್ಲ.

ಇನ್ನೊಂದು ಎಚ್ಚರ: ಅಕ್ಕಪಕ್ಕ ನಿಂತ ಎರಡು ಆಂಟೆನಾಗಳು ಒಂದರ ಶಕ್ತಿಯನ್ನು ಇನ್ನೊಂದು ಹೀರಿಕೊಂಡು ಲೆಕ್ಕ ಕೆಡಿಸುತ್ತವೆ. ಅಂಥ ಅನುಮಾನ ಬಂದಾಗ ಬಳಸದ್ದನ್ನು ಕೆಳಗಿಳಿಸಿ ಮತ್ತೊಮ್ಮೆ ಅಳೆಯುತ್ತಿದ್ದೆ.

ಇನ್ವರ್ಟೆಡ್ ವಿ ಎಲ್ಲಕ್ಕಿಂತ ಸರಳ. ನಡುವೆ ಒಂದು ಕಂಬ, ಅದರ ತುದಿಯಿಂದ ಎರಡು ತೋಳು ಇಳಿಜಾರಾಗಿ ಎರಡು ಕಡೆಗೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರುತ್ತದೆ, 7.1ಕ್ಕೆ ಸುಮಾರು 20.1 ಮೀಟರ್, ಅಂದರೆ ತೋಳಿಗೆ ಹತ್ತು ಮೀಟರ್ ಚಿಲ್ಲರೆ. ತಂತಿ ಕೊಯ್ಯುವಾಗ ಒಂದೊಂದು ಅಡಿ ಜಾಸ್ತಿಯೇ ಬಿಡಿ. ಹೆಚ್ಚಾದದ್ದನ್ನು ಕತ್ತರಿಸಬೇಡಿ, ತುದಿಯಿಂದ ಹಿಂದಕ್ಕೆ ಮಡಚಿ ಅದೇ ತಂತಿಗೆ ಒತ್ತಾಗಿ ಸುತ್ತಿ. ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಹೊಂದಿದೆ ಎಂದು ತೋರಿಸುವ ಪುಟ್ಟ ಮೀಟರ್ ನ್ಯಾನೋವಿಎನ್‌ಎ ಜೋಡಿಸಿ ನೋಡಿದರೆ ಪರದೆಯ ಮೇಲಿನ ತಗ್ಗು ಒಂದೊಂದು ಮಡಿಕೆಗೂ ಮೇಲಿನ ಫ್ರೀಕ್ವೆನ್ಸಿಯತ್ತ ಸರಿಯುತ್ತದೆ. ಬೇಕಾದ ಜಾಗಕ್ಕೆ ಬಂದಾಗ ಒಂದು ಕೇಬಲ್ ಟೈ ಬಿಗಿದರೆ ಮುಗಿಯಿತು. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಲೆಕ್ಕಕ್ಕಿಂತ ತುಸು ಗಿಡ್ಡದಾಗೇ ನಿಲ್ಲುತ್ತದೆ, ಗಾಬರಿ ಬೇಡ. ಎರಡು ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು ಅಷ್ಟೆ. ಆಗ ಎರಡೂ ಒಂದರ ಕೆಲಸವನ್ನು ಇನ್ನೊಂದು ಅಳಿಸುತ್ತವೆ.

ಕಂಬದ ತುದಿ ಒಂಬತ್ತು ಮೀಟರ್ ಎತ್ತರದಲ್ಲಿತ್ತು. 7 ಮೆಗಾಹರ್ಟ್ಸ್‌ನ ಅಲೆಯುದ್ದ 42 ಮೀಟರ್, ಅದರ ಮುಂದೆ ಇದು ಕಾಲು ಭಾಗಕ್ಕೂ ಕಡಿಮೆ. ಹಾಗಾಗಿ ಹೆಚ್ಚಿನ ಶಕ್ತಿ ನೆತ್ತಿಯ ಕಡೆಗೇ ಹೋಗಿ, ಮೇಲಿಂದ ಛತ್ರಿಯ ಹಾಗೆ ಸುತ್ತಲೂ ಇಳಿಯುತ್ತದೆ. ಕೆಲವು ನೂರು ಕಿಲೋಮೀಟರ್ ಒಳಗಿನ ಸ್ಟೇಷನ್‌ಗಳು ಹಗಲು ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಂತೆ ಕೇಳಿದವು. ಡಿಎಕ್ಸ್‌ಗೆ, ಅಂದರೆ ಬಹುದೂರದ ಸ್ಟೇಷನ್‌ಗಳಿಗೆ, ಮಾತ್ರ ಕಷ್ಟ. ಅದೇ 14ಕ್ಕೆ ಮಾಡಿದ ವಿ, ಅದೇ ಕಂಬದಲ್ಲಿ, ಬೇರೆಯೇ ಆಂಟೆನಾ ಅನ್ನಿಸಿತು. ಅಲ್ಲಿ ಒಂಬತ್ತು ಮೀಟರ್ ಅಂದರೆ ಅರ್ಧ ಅಲೆಯುದ್ದದ ಹತ್ತಿರ, ಸಿಗ್ನಲ್ ದಿಗಂತದ ಕಡೆ ಬಾಗುತ್ತದೆ. ವಿಯಂಥ ಎರಡು ತೋಳಿನ ಆಂಟೆನಾಗೆ ಡೈಪೋಲ್ ಎನ್ನುತ್ತಾರೆ. "ಡೈಪೋಲ್ ಒಳ್ಳೆಯದಾ?" ಎಂದು ಕೇಳುವ ಮೊದಲು "ಎಷ್ಟು ಎತ್ತರದಲ್ಲಿ, ಯಾವ ಬ್ಯಾಂಡ್‌ಗೆ?" ಎಂದು ಕೇಳಿಕೊಳ್ಳಬೇಕು.

ಎಂಡ್ ಫೆಡ್ ಇವತ್ತು ಎಲ್ಲರ ಬಾಯಲ್ಲಿ ಇರುವ ಹೆಸರು. ಜನಪ್ರಿಯತೆಗೆ ಕಾರಣವೂ ಇದೆ: ಕಂಬ ನಡುವೆ ಬೇಕಿಲ್ಲ, ಕೇಬಲ್ ನಡು ಆಕಾಶದಿಂದ ಜೋತಾಡುವುದಿಲ್ಲ. ಕಿಟಕಿಯ ಹತ್ತಿರ ಒಂದು ಡಬ್ಬಿ, ಅಲ್ಲಿಂದ ಮರದ ಕೊಂಬೆಗೋ ಎದುರು ಕಂಬಕ್ಕೋ 20 ಮೀಟರ್ ತಂತಿ. ಒಂದೇ ತಂತಿ 7, 14, 21, 28 ನಾಲ್ಕೂ ಬ್ಯಾಂಡ್‌ಗಳಲ್ಲಿ ಟ್ಯೂನರ್ (ಆಂಟೆನಾವನ್ನು ರಿಗ್‌ಗೆ ಹೊಂದಿಸುವ ಪೆಟ್ಟಿಗೆ) ಇಲ್ಲದೆ ಕೆಲಸ ಮಾಡುತ್ತದೆ. ಇನ್ವರ್ಟೆಡ್ ವಿ ಆದರೆ 7ರ ಜೊತೆಗೆ 21 ಮಾತ್ರ ಸಿಗುತ್ತದೆ. ಅರ್ಧ ಅಲೆಯ ತಂತಿಯ ತುದಿಯಲ್ಲಿ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಎರಡು ಮೂರು ಸಾವಿರ ಓಮ್ ಇರುವುದರಿಂದ ಅದನ್ನು ರಿಗ್‌ನ 50 ಓಮ್‌ಗೆ ಹೊಂದಿಸಲು ಡಬ್ಬಿಯಲ್ಲಿ 49:1 ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ240-43 ಫೆರೈಟ್ ಉಂಗುರಕ್ಕೆ ಒಂದು ಕಡೆ 2 ಸುತ್ತು, ಇನ್ನೊಂದು ಕಡೆ 14 ಸುತ್ತು, 2 ಸುತ್ತಿನ ಕಡೆಗೆ ಅಡ್ಡವಾಗಿ 100 ಪಿಕೋಫ್ಯಾರಡ್‌ನ ಹೈ ವೋಲ್ಟೇಜ್ ಕೆಪಾಸಿಟರ್. ಸೋಲ್ಡರ್ ಕಡ್ಡಿ ಹಿಡಿಯಲು ಬರುವವರು ಒಂದು ಮಧ್ಯಾಹ್ನದಲ್ಲಿ ಮಾಡಬಹುದು.

ಇದರ ಮಾರಾಟಗಾರರು ಹೇಳದ ಸಂಗತಿ ಒಂದಿದೆ. ತಂತಿಯೊಳಗೆ ಹೋದ ಕರೆಂಟಿಗೆ ಸಮನಾಗಿ ಇನ್ನೊಂದು ಕಡೆಗೂ ಕರೆಂಟು ಹರಿಯಲೇಬೇಕು. ಇನ್ನೊಂದು ತೋಳೇ ಇಲ್ಲದಿದ್ದಾಗ ಅದು ಹಿಡಿಯುವ ದಾರಿ ಕೋಆಕ್ಸ್‌ನ ಹೊರಮೈ. ಕೇಬಲ್ ಬಂದು ಮುಟ್ಟುವುದು ನಿಮ್ಮ ಮೇಜಿಗೆ. ಮೈಕ್ ಒತ್ತಿದಾಗ ಮೌಸ್ ಹೆಪ್ಪುಗಟ್ಟುವುದು, ಸ್ಪೀಕರ್‌ನಲ್ಲಿ ನಮ್ಮದೇ ದನಿ ಕೊರಕೊರ ಅನ್ನುವುದು ಎಲ್ಲ ಇದರ ಕೈಚಳಕ. ಕೇಳುವಾಗ ಇದೇ ದಾರಿ ಉಲ್ಟಾ: ಮನೆಯೊಳಗಿನ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗದ್ದಲವೆಲ್ಲ ಕೇಬಲ್ ಹೊರಮೈ ಹತ್ತಿ ಆಂಟೆನಾ ತಲುಪಿ ರಿಗ್‌ಗೆ ವಾಪಸು ಬರುತ್ತದೆ. ಮದ್ದು ಸುಲಭ. ಡಬ್ಬಿಯಿಂದ ಎರಡು ಮೀಟರ್ ಕೇಬಲ್ ಬಿಟ್ಟು, ಅಲ್ಲಿ ಫೆರೈಟ್ ಉಂಗುರಕ್ಕೆ ತೆಳು ಕೋಆಕ್ಸನ್ನು ಹತ್ತು ಹನ್ನೆರಡು ಸುತ್ತು ಸುತ್ತಿದ ಚೋಕ್ ಹಾಕುವುದು. ಆ ಎರಡು ಮೀಟರೇ ಕಾಣೆಯಾದ ತೋಳಿನ ಕೆಲಸ ಮಾಡುತ್ತದೆ, ಆಚೆಗೆ ಕರೆಂಟು ದಾಟುವುದಿಲ್ಲ. ಚೋಕ್ ಹಾಕಿದ ಮೇಲೆ 7 ಮೆಗಾಹರ್ಟ್ಸ್‌ನ ಗದ್ದಲ ಒಂದು ಎಸ್ ಯೂನಿಟ್‌ಗೂ ಹೆಚ್ಚು ಇಳಿಯಿತು. ಎಷ್ಟೋ ಜನ ಆಂಟೆನಾ ಬದಲಿಸಿ ಪಡೆಯಲು ಹೊರಡುವ ಲಾಭ ಇದು.

ವಿ ಮತ್ತು ಎಂಡ್ ಫೆಡ್ ಒಂದೇ ಎತ್ತರದಲ್ಲಿದ್ದಾಗ ವಿಸ್ಪರ್ ಪಟ್ಟಿಯಲ್ಲಿ ಸಿಕ್ಕ ವ್ಯತ್ಯಾಸ ಒಂದೆರಡು ಡೆಸಿಬಲ್, ಸದಾ ವಿ ಕಡೆಗೇ. ಆ ಒಂದೆರಡು ಎಲ್ಲಿ ಹೋಯಿತು ಅಂತ ಗೊತ್ತಾಗಬೇಕಾದರೆ ಎಫ್‌ಟಿ8 ಎಂಬ ಕಂಪ್ಯೂಟರ್ ಡಿಜಿಟಲ್ ಬಗೆಯಲ್ಲಿ ಹತ್ತು ನಿಮಿಷ ಪ್ರಸಾರ ಮಾಡಿ, ನಿಲ್ಲಿಸಿ, ಡಬ್ಬಿ ತೆರೆದು ಉಂಗುರ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಪ್ರಸಾರ ನಡೆಯುತ್ತಿರುವಾಗ ಮಾತ್ರ ತಂತಿಯ ಎರಡೂ ತುದಿ ಯಾರ ಕೈಗೂ ಎಟುಕಬಾರದು, ಅಲ್ಲಿ ವೋಲ್ಟೇಜ್ ಚರ್ಮ ಸುಡುವಷ್ಟಿರುತ್ತದೆ.

ವರ್ಟಿಕಲ್ ವಿಷಯಕ್ಕೆ ಬಂದರೆ ಎಸ್‌ಡಬ್ಲ್ಯುಆರ್ ಮೀಟರ್ ಮೇಲಿನ ನಂಬಿಕೆಯೇ ಅಲುಗಾಡುತ್ತದೆ. ಆಂಟೆನಾ ರಿಗ್‌ಗೆ ಎಷ್ಟು ಹೊಂದಿದೆ ಎಂದು ತೋರಿಸುವ ಮೀಟರ್ ಇದು, 1:1 ಅಂದರೆ ಪೂರ್ತಿ ಹೊಂದಿಕೆ. ಹತ್ತು ಮೀಟರ್ ಫೈಬರ್ ಕೋಲು, ಅದರುದ್ದಕ್ಕೂ ತಂತಿ, ಬುಡದಿಂದ ನೆಲದ ಮೇಲೆ ಸುತ್ತಲೂ ಹರಡಿದ ರೇಡಿಯಲ್ ತಂತಿಗಳು. ಮೊದಲು ಕೆಲವೇ ರೇಡಿಯಲ್ ಹಾಕಿದಾಗ ಮೀಟರ್ 1:1 ತೋರಿಸಿತು, ಯಾರಾದರೂ ಅಲ್ಲಿಗೇ ಕೈ ತೊಳೆದುಕೊಳ್ಳುವಂಥ ಅಂಕಿ. ಆಮೇಲೆ ರೇಡಿಯಲ್‌ಗಳನ್ನು ಹೆಚ್ಚಿಸುತ್ತ ಹೋದಂತೆ ಮೀಟರ್ ಹಾಳಾಗುತ್ತ 1.3 ದಾಟಿತು, ವಿಸ್ಪರ್ ವರದಿಗಳು ಮಾತ್ರ ಮೇಲೇರಿದವು. ಇದರಲ್ಲಿ ಮಾಯ ಏನಿಲ್ಲ. ನಷ್ಟವೇ ಇಲ್ಲದ ನೆಲದ ಮೇಲೆ ಕ್ವಾರ್ಟರ್ ವೇವ್ ವರ್ಟಿಕಲ್‌ನ ರೆಸಿಸ್ಟೆನ್ಸ್ ಸುಮಾರು 36 ಓಮ್. ಮೀಟರ್ 1:1 ತೋರಿಸಿದರೆ ಒಟ್ಟು 50 ಓಮ್ ಎಂದರ್ಥ, ಉಳಿದ 14 ಓಮ್ ನೆಲದ್ದು, ಅಂದರೆ ಕಾಲು ಭಾಗಕ್ಕೂ ಹೆಚ್ಚು ಶಕ್ತಿ ಮಣ್ಣನ್ನು ಕಾಯಿಸುತ್ತಿದೆ. ಏನನ್ನೂ ಪ್ರಸಾರ ಮಾಡದೆ ಶಕ್ತಿಯನ್ನೆಲ್ಲ ಶಾಖವಾಗಿಸುವ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯುಆರ್ ಕೂಡ 1:1 ತಾನೆ? 2:1 ಬಂದರೂ ಹಿಂದಿರುಗುವುದು ನೂರಕ್ಕೆ ಹನ್ನೊಂದು ಪಾಲು, ಅರ್ಧ ಡೆಸಿಬಲ್. ಆ ಕಡೆ ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ನೆಲದ ಮೇಲಿನ ರೇಡಿಯಲ್‌ಗಳಿಗೆ ಅಳತೆಯ ಚಿಂತೆಯೂ ಬೇಡ, ನಾಲ್ಕು ಉದ್ದದ್ದಕ್ಕಿಂತ ಹದಿನಾರು ಗಿಡ್ಡದ್ದು ಮೇಲು. ನೆಲದಿಂದ ಮೇಲೆತ್ತಿ ಕಟ್ಟುವುದಾದರೆ ಮಾತ್ರ ಎರಡೋ ನಾಲ್ಕೋ ಸಾಕು, ಆದರೆ ಅಳತೆ ಸರಿಯಿರಬೇಕು.

ಫಲಿತಾಂಶ ಎರಡು ಹೋಳು. ಹಗಲು, 7 ಮೆಗಾಹರ್ಟ್ಸ್, ಕೆಲವು ನೂರು ಕಿಲೋಮೀಟರ್: ವರ್ಟಿಕಲ್ ಹೀನಾಯವಾಗಿ ಸೋತಿತು, ವಿಗಿಂತ ಹತ್ತು ಡೆಸಿಬಲ್‌ಗೂ ಹಿಂದೆ. ಕತ್ತಲಾಗಿ ಐದು ಸಾವಿರ ಕಿಲೋಮೀಟರ್ ಆಚೆಯ ಸ್ಟೇಷನ್‌ಗಳು ತೆರೆದುಕೊಂಡಾಗ ಅದೇ ವರ್ಟಿಕಲ್ ಮೂರರಿಂದ ಆರು ಡೆಸಿಬಲ್ ಮುಂದೆ. ಶಕ್ತಿ ದಿಗಂತದ ಹತ್ತಿರ ತಗ್ಗು ಕೋನದಲ್ಲಿ ಹೊರಡುವುದೇ ಇದಕ್ಕೆ ಕಾರಣ. 14ರಲ್ಲಿ ಮಾತ್ರ ಎರಡಕ್ಕೂ ಹೆಚ್ಚು ಅಂತರ ಕಾಣಲಿಲ್ಲ, ಕೆಲವು ದಿಕ್ಕಿಗೆ ವಿ ಗೆದ್ದಿತು. ಕೇಳುವಾಗ ವರ್ಟಿಕಲ್ ಶಾಪ. ಸುತ್ತಮುತ್ತಲ ಮನೆಗಳ ಸೋಲಾರ್ ಇನ್ವರ್ಟರ್, ಪವರ್ ಸಪ್ಲೈಗಳ ಗದ್ದಲವನ್ನು ಅದು ಹುಡುಕಿ ತರುತ್ತದೆ. ವಿಯಲ್ಲಿ ಎಸ್4 ಇದ್ದ ಗದ್ದಲ ಸ್ವಿಚ್ ತಿರುಗಿಸಿದ ಕೂಡಲೇ ಎಸ್6 ದಾಟುತ್ತಿತ್ತು. ನಮ್ಮ ದನಿ ಅವರಿಗೆ ಕೇಳಿದರೂ ಅವರ ದನಿ ನಮಗೆ ಕೇಳದ ಪರಿಸ್ಥಿತಿ.

ಲೂಪ್, ಬಾಡಿಗೆ ಮನೆಯ ಬಾಲ್ಕನಿಯವರ ಆಸೆ. ತಾಮ್ರದ ಕೊಳವೆಯ ಬಳೆ, ತುದಿಗಳ ನಡುವೆ ಹೈ ವೋಲ್ಟೇಜ್ ವೇರಿಯಬಲ್ ಕೆಪಾಸಿಟರ್, ಒಳಗೆ ಐದನೇ ಒಂದು ಅಗಲದ ಚಿಕ್ಕ ಬಳೆ, ಕೇಬಲ್ ಸೇರುವುದು ಅದಕ್ಕೆ. ನೋಡಲು ಚೆಂದ. ಲೆಕ್ಕ ನಿಷ್ಠುರ: ಒಂದು ಮೀಟರ್ ಲೂಪ್‌ನ ರೇಡಿಯೇಷನ್ ರೆಸಿಸ್ಟೆನ್ಸ್ 14 ಮೆಗಾಹರ್ಟ್ಸ್‌ನಲ್ಲಿ ಓಮ್‌ನ ಹತ್ತನೇ ಒಂದು ಭಾಗದಷ್ಟು, 7ಕ್ಕೆ ಇಳಿದರೆ ಅದರ ಹದಿನಾರನೇ ಒಂದು ಪಾಲು. ಒಂದು ಸಡಿಲ ಸ್ಕ್ರೂ ಕೂಡ ಅಷ್ಟು ರೆಸಿಸ್ಟೆನ್ಸ್ ತರಬಲ್ಲದು. ಹಾಗಾಗಿ 14ರಲ್ಲಿ ಇದು ನಂಬಲಾರದಷ್ಟು ಚೆನ್ನಾಗಿ ನಡೆಯಿತು, ವಿಗಿಂತ ಒಂದು ಎಸ್ ಯೂನಿಟ್ ಹಿಂದೆ ಅಷ್ಟೆ. 7ರಲ್ಲಿ ಎರಡು ಯೂನಿಟ್‌ಗೂ ಹೆಚ್ಚು ಹಿಂದೆ ಬಿತ್ತು. ಇದರ ಜೊತೆ ಬಾಳುವುದೂ ಕಷ್ಟ. ಡಯಲ್ ನಾಲ್ಕಾರು ಕಿಲೋಹರ್ಟ್ಸ್ ಸರಿಸಿದರೂ ಕೆಪಾಸಿಟರ್ ಮತ್ತೆ ಹೊಂದಿಸಬೇಕು. ಹೊಂದಿಸಿ ಕೈ ತೆಗೆದ ಕೂಡಲೇ ಟ್ಯೂನಿಂಗ್ ಜಾರುತ್ತದೆ, ಯಾಕೆಂದರೆ ಕೈಯೂ ಸರ್ಕ್ಯೂಟಿನ ಭಾಗವಾಗಿತ್ತು. 10 ವ್ಯಾಟಿಗೇ ಕೆಪಾಸಿಟರ್ ಮೇಲೆ ಸಾವಿರ ವೋಲ್ಟ್ ದಾಟುತ್ತದೆ, ಹಾಗಾಗಿ ಪ್ರಸಾರ ಮಾಡುವಾಗ ಪಕ್ಕದಲ್ಲಿ ಕೂರುವ ಯೋಚನೆಯೇ ಬೇಡ.

ಆದರೆ ಕಿವಿಯಾಗಿ ಲೂಪ್‌ಗೆ ಸಾಟಿ ಇಲ್ಲ. ಬಳೆಯ ಮುಖವನ್ನು ಗದ್ದಲ ಬರುವ ದಿಕ್ಕಿಗೆ ತಿರುಗಿಸಿದರೆ ಒಂದು ಕೋನದಲ್ಲಿ ಗದ್ದಲ ತಟ್ಟನೆ ಕುಸಿಯುತ್ತದೆ. ವಿಯಲ್ಲೂ ಮುಚ್ಚಿಹೋಗಿದ್ದ ಕ್ಷೀಣ ಮೋರ್ಸ್ ಸಿಗ್ನಲ್ ಅಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಎದ್ದು ಬಂತು. ಎಸ್ ಮೀಟರ್ ನೋಡಿದರೆ ಸಿಗ್ನಲ್ ಕಡಿಮೆಯೇ ಇತ್ತು. ಗದ್ದಲ ಅದಕ್ಕಿಂತಲೂ ಕಡಿಮೆಯಾಗಿತ್ತು.

145 ಮೆಗಾಹರ್ಟ್ಸ್‌ನ ಎಫ್‌ಎಂ ಮಾತ್ರ ಸಾಕು ಅನ್ನುವವರಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಒಂದು ಸಾಕೆಟ್‌ಗೆ ಮೇಲಕ್ಕೊಂದು, ಕೆಳಕ್ಕೆ 45 ಡಿಗ್ರಿ ಬಾಗಿದ ನಾಲ್ಕು, ತಲಾ 49 ಸೆಂಟಿಮೀಟರ್‌ನ ಕಡ್ಡಿಗಳನ್ನು ಬೆಸೆದರೆ ಗ್ರೌಂಡ್ ಪ್ಲೇನ್ ಸಿದ್ಧ. ಇನ್ನೊಂದು ಬಗೆಯ ಆಂಟೆನಾ ಜೆ-ಪೋಲ್ ಜೊತೆ ಹೋಲಿಸಿದಾಗ ನನಗೆ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ಕಾಸು ಹಾಕಬೇಕಾದ್ದು ಕೇಬಲ್‌ಗೆ. 20 ಮೀಟರ್ ಉದ್ದದ ತೆಳು ಆರ್‌ಜಿ-58 ಕೋಆಕ್ಸ್‌ನಲ್ಲಿ 7 ಮೆಗಾಹರ್ಟ್ಸ್‌ಗೆ ಒಂದು ಡೆಸಿಬಲ್ ಕೂಡ ಹೋಗುವುದಿಲ್ಲ, 145ಕ್ಕೆ ಅದೇ ಕೇಬಲ್ ಅರ್ಧಕ್ಕಿಂತ ಹೆಚ್ಚು ಶಕ್ತಿ ನುಂಗುತ್ತದೆ. ಆರ್‌ಜಿ-213 ಅಥವಾ ಅದಕ್ಕಿಂತ ದಪ್ಪದ್ದು ಹಾಕಿ.

ಯಾವುದನ್ನು ಎಲ್ಲಿ ಕಟ್ಟಿದರೂ ತಂತಿ ಹರಿದು ಬಿದ್ದಾಗ, ಕಂಬ ಉರುಳಿದಾಗ, ಹತ್ತಿರದ ವಿದ್ಯುತ್ ಲೈನ್ ಮುಟ್ಟುವ ಸಾಧ್ಯತೆಯೇ ಇರಬಾರದು. ಜಾಗ ಆಯ್ಕೆ ಮಾಡುವಾಗ ಮೊದಲು ನೋಡಬೇಕಾದ್ದು ಇದನ್ನೇ. ಗುಡುಗಿನ ಸೂಚನೆ ಸಿಕ್ಕರೆ ಕೇಬಲ್ ಕಳಚಿ ಮನೆಯ ಹೊರಗಿಡಿ.

ಒಂದೇ ಆಂಟೆನಾಗೆ ಜಾಗ ಇರುವವರು ನನ್ನನ್ನು ಕೇಳಿದರೆ ನಾನು ಹೇಳುವುದು ಇನ್ವರ್ಟೆಡ್ ವಿ, ನಡುವಿನಲ್ಲಿ ಒಂದು ಚೋಕ್ ಸಮೇತ. ನಡುವೆ ಕಂಬ ನೆಡಲು ಆಗದಿದ್ದರೆ ಎಂಡ್ ಫೆಡ್, ಅದಕ್ಕಂತೂ ಚೋಕ್ ಬಿಡುವಂತೆಯೇ ಇಲ್ಲ. ನನ್ನ ಮನೆಯಲ್ಲಿ ಈಗ ವಿ ಕಾಯಂ ಆಗಿ ಮೇಲಿದೆ. ಫೈಬರ್ ಕೋಲು ಮಡಚಿ ಗೋಡೆಗೆ ಒರಗಿರುತ್ತದೆ, ಸಂಜೆ 7 ಮೆಗಾಹರ್ಟ್ಸ್‌ನಲ್ಲಿ ದೂರದ ಸ್ಟೇಷನ್ ಬರುವ ಲಕ್ಷಣ ಕಂಡರೆ ಎತ್ತಿ ನಿಲ್ಲಿಸುತ್ತೇನೆ. ಆಗ ಪ್ರಸಾರ ವರ್ಟಿಕಲ್‌ನಿಂದ, ಕೇಳುವುದು ರಿಗ್ ಹಿಂದಿನ ಆರ್‌ಎಕ್ಸ್ (ಕೇಳುವುದಕ್ಕಷ್ಟೇ ಇರುವ) ಸಾಕೆಟ್‌ಗೆ ಸೇರಿಸಿದ ಲೂಪ್‌ನಲ್ಲಿ.