ರೀಪರ್ 6ರಿಂದ 7ಕ್ಕೆ: ಹಾಡು ರೆಕಾರ್ಡ್ ಮಾಡುವವರು ಹಣ ಕೊಟ್ಟು ಬದಲಾಗಬೇಕೇ?

ಮನೆಯ ಮಹಡಿಯ ಮೇಲಿನ ಸಣ್ಣ ಕೋಣೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ಭಾವಗೀತೆಗಳನ್ನೂ ದೇವರನಾಮಗಳನ್ನೂ ರೆಕಾರ್ಡ್ ಮಾಡುತ್ತಾ ಬಂದಿದ್ದೇನೆ. ಒಂದು ಕಂಡೆನ್ಸರ್ ಮೈಕು, ಎರಡು ಚಾನೆಲ್‌ಗಳ ಆಡಿಯೋ ಇಂಟರ್‌ಫೇಸು, ಗೋಡೆಗೆ ತೂಗುಹಾಕಿದ ದಪ್ಪ ಕಂಬಳಿಗಳು, ಮತ್ತು ವಿಂಡೋಸ್ ಕಂಪ್ಯೂಟರಿನಲ್ಲಿ ದನಿಯನ್ನು ರೆಕಾರ್ಡ್ ಮಾಡಿ ತಿದ್ದುವ ರೀಪರ್ ಎಂಬ ತಂತ್ರಾಂಶ: ನನ್ನ ಸ್ಟುಡಿಯೋ ಎಂದರೆ ಇಷ್ಟೇ. ರೀಪರಿನ 5ನೇ ಆವೃತ್ತಿ ಚಾಲ್ತಿಯಲ್ಲಿದ್ದಾಗ ನಾನು ಕೊಂಡಿದ್ದ ಪರವಾನಗಿ 6.99ರವರೆಗೆ ನಡೆಯುವಂಥದ್ದು. 2023ರ ಅಕ್ಟೋಬರ್‌ನಲ್ಲಿ 7ನೇ ಆವೃತ್ತಿ ಬಂದಾಗ ಮೊದಲ ಬಾರಿಗೆ ನಾನು ಮತ್ತೆ ಹಣ ಕೊಡಬೇಕಾದ ಸ್ಥಿತಿ ಬಂತು. ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬಹಳ ಕಾಲ ಮುಂದೂಡಿದ ನಾನು, ಹೋದ ಮಳೆಗಾಲದಲ್ಲಿ ಅದನ್ನು ಇತ್ಯರ್ಥ ಮಾಡಿಕೊಂಡೆ. ನನ್ನಂತೆಯೇ ಮನೆಯಲ್ಲಿ ಕುಳಿತು ಹಾಡು ರೆಕಾರ್ಡ್ ಮಾಡುವವರಿಗೆ ಉಪಯೋಗವಾಗಲೆಂದು, ಆ ತೀರ್ಮಾನಕ್ಕೆ ಬಂದ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ಹಾಡು ಕೇಳಿಸುವ ವಿನ್ಯಾಂಪ್ ತಂತ್ರಾಂಶವನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಸಂಸ್ಥೆ ರೀಪರನ್ನು ತಯಾರಿಸುತ್ತದೆ. ಸ್ವಂತಕ್ಕೆ ಬಳಸುವವರಿಗೆ ಮತ್ತು ಇದರಿಂದ ವರ್ಷಕ್ಕೆ 20,000 ಡಾಲರ್ ಮೀರದಷ್ಟು ಆದಾಯವಿರುವವರಿಗೆ ಪರವಾನಗಿಯ ಬೆಲೆ 60 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ 5,000 ರೂಪಾಯಿಗಿಂತ ತುಸು ಹೆಚ್ಚು; ದೊಡ್ಡ ವಾಣಿಜ್ಯ ಸ್ಟುಡಿಯೋಗಳಿಗೆ 225 ಡಾಲರ್. ಒಂದು ಬಾರಿ ಕೊಂಡರೆ ಆ ಆವೃತ್ತಿಯೂ ಅದರ ಮುಂದಿನ ಆವೃತ್ತಿಯೂ ನಮ್ಮದಾಗುತ್ತವೆ. 7 ಇರುವಾಗ ಕೊಂಡವರಿಗೆ 8.99ರವರೆಗೆ ಮತ್ತೆ ಖರ್ಚಿಲ್ಲ. 5ನೇ ಆವೃತ್ತಿ ಬಂದದ್ದು 2015ರಲ್ಲಿ, 6 ಬಂದದ್ದು 2019ರ ಕೊನೆಯಲ್ಲಿ ಎಂಬುದನ್ನು ನೆನೆದರೆ, ಒಂದು ಪರವಾನಗಿ ಎಷ್ಟು ವರ್ಷ ಬಾಳುತ್ತದೆ ಎಂಬುದು ತಿಳಿಯುತ್ತದೆ. ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಾದ ತಂತ್ರಾಂಶಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ದುಬಾರಿಯಲ್ಲ. ಹಾಗಿದ್ದರೂ 5,000 ರೂಪಾಯಿ ನನ್ನಂಥವರಿಗೆ ಒಳ್ಳೆಯ ಹೆಡ್‌ಫೋನ್ ಒಂದರ ಬೆಲೆ. ಕೋಣೆಯಲ್ಲಿ ಒಳ್ಳೆಯ ಹೆಡ್‌ಫೋನ್ ಇನ್ನೂ ಇಲ್ಲದವರು ಮೊದಲು ಅದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

60 ದಿನಗಳ ಪರೀಕ್ಷಾ ಅವಧಿಯಲ್ಲಿ ಯಾವ ಸೌಲಭ್ಯಕ್ಕೂ ಬೀಗ ಹಾಕಿರುವುದಿಲ್ಲವಾದ್ದರಿಂದ, ಗುಣಗಳ ಪಟ್ಟಿಯನ್ನು ಓದುವ ಬದಲು ನಿಜವಾದ ಕೆಲಸವೊಂದನ್ನು 7ರಲ್ಲಿ ಮಾಡಿ ನೋಡುವುದೆಂದು ನಿಶ್ಚಯಿಸಿದೆ. ಗಾಯಕಿಯೊಬ್ಬರ ಎಂಟು ಭಾವಗೀತೆಗಳ ರೆಕಾರ್ಡಿಂಗ್ ಆಗ ನಡೆದಿತ್ತು. ತಗಡಿನ ಮಾಡಿನ ಮೇಲೆ ಮಳೆ ಜೋರಾದಾಗಲೆಲ್ಲ ನಿಲ್ಲಿಸಬೇಕು, ಹೊಳವಾದಾಗ ಮತ್ತೆ ಹಾಡಬೇಕು. ಹೀಗಾಗಿ ಐದು ನಿಮಿಷದ ಒಂದು ಹಾಡನ್ನು ಮತ್ತೆ ಮತ್ತೆ ಹಾಡಿಸಿ ಹನ್ನೊಂದು ಟೇಕ್‌ಗಳಾದವು. ಅವರ ಪಲ್ಲವಿ ಮೂರನೇ ಟೇಕಿನಲ್ಲಿ ತುಂಬ ಚೆನ್ನಾಗಿತ್ತು, ಮೊದಲ ಚರಣ ಏಳನೆಯದರಲ್ಲಿ, ಕೊನೆಯ ಸಾಲಿನ ಮೇಲಿನ ಷಡ್ಜ ಹನ್ನೊಂದನೆಯದರಲ್ಲಿ ಮಾತ್ರ ತುಂಬಿ ಬಂದಿತ್ತು. ಈ ಹನ್ನೊಂದನ್ನು ಸೇರಿಸಿ ಒಂದು ಹಾಡು ಮಾಡುವುದು, ಅಂದರೆ ನಾವು ಕಾಂಪಿಂಗ್ ಎನ್ನುವ ಕೆಲಸ, ನನ್ನ ಸಮಯದ ಬಹುಪಾಲನ್ನು ತಿನ್ನುತ್ತದೆ. 6 ಮತ್ತು 7ರ ನಡುವಿನ ನಿಜವಾದ ಅಂತರ ಇರುವುದೂ ಇಲ್ಲಿಯೇ.

6ರಲ್ಲಿ ಟೇಕ್‌ಗಳೆಲ್ಲ ಒಂದೇ ಐಟಮ್ಮಿನೊಳಗೆ, ಅಂದರೆ ಪರದೆಯ ಮೇಲಿನ ದನಿಯ ಒಂದೇ ತುಂಡಿನೊಳಗೆ, ಒಂದರ ಕೆಳಗೊಂದು ಅಡಕವಾಗಿರುತ್ತವೆ. ಬೇಕಾದಲ್ಲಿ ಐಟಮ್ಮನ್ನು ಕತ್ತರಿಸಿ, ಪ್ರತಿ ತುಂಡಿನಲ್ಲಿ ಬೇಕಾದ ಟೇಕನ್ನು ಆರಿಸಬೇಕು. ಕತ್ತರಿಸಿದ ಜಾಗ ಸರಿಯಿಲ್ಲವೆಂದು ಆಮೇಲೆ ಗೊತ್ತಾದರೆ ಎರಡು ತುಂಡುಗಳ ಅಂಚುಗಳನ್ನೂ ಒಟ್ಟಿಗೆ ಸರಿಸಬೇಕು, ಆ ಭರದಲ್ಲಿ ಪಕ್ಕದ ತುಂಡು ಜಾರದಂತೆ ಎಚ್ಚರ ವಹಿಸಬೇಕು. ಇದು ಆಗದ ಕೆಲಸವೇನಲ್ಲ; ಇಷ್ಟು ವರ್ಷ ನಾನು ಮಾಡಿದ್ದೂ ಹೀಗೆಯೇ. 7ರಲ್ಲಿ ಇದಕ್ಕಾಗಿ ಲೇನ್‌ಗಳು ಬಂದಿವೆ. ಟ್ರ್ಯಾಕಿನ, ಅಂದರೆ ಒಂದು ದನಿಗೆ ಮೀಸಲಾದ ಪಟ್ಟಿಯ, ಒಳಗೆ ಪ್ರತಿ ಟೇಕಿಗೂ ತನ್ನದೇ ಸಾಲು ಇರುತ್ತದೆ, ಗದ್ದೆಯ ತಾಕುಗಳ ಹಾಗೆ. ಯಾವ ಸಾಲಿನ ಯಾವ ಭಾಗ ಬೇಕೋ ಅದರ ಮೇಲೆ ಮೌಸನ್ನು ಎಳೆದರೆ ಆ ಭಾಗ, ಆಯ್ದ ತುಂಡುಗಳೆಲ್ಲ ಒಟ್ಟುಗೂಡುವ ಕಾಂಪ್ ಲೇನಿಗೆ ಸೇರುತ್ತದೆ, ಅಂಚನ್ನು ಹಿಡಿದು ಸರಿಸಿದರೆ ಎರಡೂ ಕಡೆಯದು ಜೊತೆಗೇ ಸರಿಯುತ್ತದೆ. ಒಂದೇ ಹಾಡಿಗೆ ಎರಡು ಮೂರು ಕಾಂಪ್‌ಗಳನ್ನು ಮಾಡಿಟ್ಟುಕೊಂಡು, ಗಾಯಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದು ಒಪ್ಪುತ್ತದೆ ಎಂದು ಕೇಳಿ ನೋಡಬಹುದು.

ಕೇಳುವುದಕ್ಕೆ ಇದು ಸಣ್ಣ ಅನುಕೂಲದಂತೆ ಕಾಣುತ್ತದೆ. ಆದರೆ ನಮ್ಮ ಹಾಡುಗಾರಿಕೆಯಲ್ಲಿ ಎಲ್ಲಿ ಕತ್ತರಿಸಬೇಕು ಎಂಬುದೇ ದೊಡ್ಡ ಪ್ರಶ್ನೆ. ಗಮಕವಿರುವ ಸ್ವರದ ನಡುವೆ ಕತ್ತರಿ ಹಾಕಿದರೆ ಎಷ್ಟೇ ನಯವಾಗಿ ಬೆಸೆದರೂ ಕಿವಿಗೆ ಗೊತ್ತಾಗುತ್ತದೆ, ಏಕೆಂದರೆ ಎರಡು ಟೇಕ್‌ಗಳಲ್ಲಿ ಜಾರು ಒಂದೇ ವೇಗದಲ್ಲಿ ಬಂದಿರುವುದಿಲ್ಲ. ನಾನು ಕಂಡುಕೊಂಡ ದಾರಿ ಕನ್ನಡದ ಅಕ್ಷರಗಳೊಳಗೇ ಇದೆ. ಕ, ತ, ಪ ಮುಂತಾದ ವ್ಯಂಜನಗಳನ್ನು ಉಚ್ಚರಿಸುವ ಮುನ್ನ ಬಾಯಿಯಲ್ಲಿ ಉಸಿರಿನ ದಾರಿ ಒಂದು ಗಳಿಗೆ ಪೂರ್ತಿ ಮುಚ್ಚುತ್ತದೆ. ಆಗ ದನಿಯ ಚಿತ್ರದಲ್ಲಿ ಸಣ್ಣ ಮೌನವೊಂದು ಕಾಣುತ್ತದೆ. ಒತ್ತಕ್ಷರವಿದ್ದರೆ ಆ ಮೌನ ಇನ್ನೂ ಉದ್ದ. ‘ಹತ್ತಿರ’ ಎಂಬ ಪದದಲ್ಲಿ ‘ತ್ತಿ’ಯ ಮುಂಚೆ, ‘ಹಕ್ಕಿ’ಯಲ್ಲಿ ‘ಕ್ಕಿ’ಯ ಮುಂಚೆ ಕತ್ತರಿಸಿ, ಒಂದು ಟೇಕ್ ತಗ್ಗುತ್ತ ಇನ್ನೊಂದು ಏರುವ ಹತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಟ್ಟರೆ ಬೆಸುಗೆ ಹಾಡಿದವರಿಗೇ ತಿಳಿಯುವುದಿಲ್ಲ. ಮ, ನ, ಲ, ಳ ಹಾಗಲ್ಲ. ಅವುಗಳಲ್ಲಿ ದನಿ ನಿಲ್ಲದೆ ಹರಿಯುತ್ತಲೇ ಇರುತ್ತದೆ, ಅಲ್ಲಿ ಕೈ ಹಾಕಬಾರದು. ಹನ್ನೊಂದು ಸಾಲುಗಳೂ ಒಂದರ ಕೆಳಗೊಂದು ಕಾಣುತ್ತಿರುವಾಗ ಈ ಮೌನಗಳು ಒಂದೇ ನೋಟಕ್ಕೆ ಸಿಗುತ್ತವೆ, ಅಂಚನ್ನು ಅಲ್ಲಿಗೆ ಎಳೆದು ಕೂರಿಸುವುದೂ ಸುಲಭ. 6ರಲ್ಲಿ ಒಂದು ಹಾಡಿನ ಕಾಂಪಿಂಗ್ ನನಗೆ ಬಹುತೇಕ ಒಂದು ಮಧ್ಯಾಹ್ನದ ಕೆಲಸ. ಈ ಹಾಡು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಉಳಿದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಹಾಡನ್ನು ಕೇಳಲು ಸಾಧ್ಯವಾಯಿತು, ಅದು ಇನ್ನೂ ದೊಡ್ಡ ಲಾಭ.

ಲೇನ್‌ಗಳ ವ್ಯವಸ್ಥೆಯಲ್ಲಿ ಕೊರತೆಯೂ ಇದೆ. ಯಾವ ಲೇನು ಈಗ ನುಡಿಯುತ್ತಿದೆ, ಯಾವುದರ ಮೇಲೆ ಹೊಸ ಟೇಕು ಬೀಳಲಿದೆ ಎಂಬುದು ಮೊದಲ ನಾಲ್ಕೈದು ದಿನ ಗೊಂದಲ ಉಂಟುಮಾಡುತ್ತದೆ. ಟ್ರ್ಯಾಕಿನ ಮೇಲೆ ಬಲ ಕ್ಲಿಕ್ ಮಾಡಿದಾಗ ತೆರೆಯುವ ಆಯ್ಕೆಗಳ ಉದ್ದ ಪಟ್ಟಿ ಹೊಸಬರನ್ನು ಹೆದರಿಸುವಂತಿದೆ. ಹಳೆಯ ಟೇಕ್ ಪದ್ಧತಿಯೂ 7ರಲ್ಲಿ ಹಾಗೆಯೇ ಉಳಿದಿರುವುದರಿಂದ, ಕೈಗೆ ರೂಢಿಯಾದದ್ದನ್ನು ಬಿಡಲೊಲ್ಲದವರು ಅದರಲ್ಲೇ ಮುಂದುವರಿಯಬಹುದು. ಎಲ್ಲ ಟೇಕ್‌ಗಳೂ ಕಣ್ಣೆದುರಿಗಿದ್ದಾಗ ಯಾವುದನ್ನೂ ಅಳಿಸಲು ಮನಸ್ಸು ಬರುವುದಿಲ್ಲ ಎಂಬುದನ್ನೂ ಹೇಳಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕು; ಐದು ನಿಮಿಷದ ಹನ್ನೊಂದು ಟೇಕ್‌ಗಳೆಂದರೆ 475 ಎಂಬಿ, ಅದೂ ಒಂದೇ ದನಿಗೆ.

7ರ ಉಳಿದ ಹೊಸತುಗಳಲ್ಲಿ ನನ್ನ ಕೆಲಸಕ್ಕೆ ಬಂದದ್ದು ಒಂದೇ: ದನಿಯನ್ನು ಮಾರ್ಪಡಿಸುವ ಎಫೆಕ್ಟ್‌ಗಳನ್ನು ಒಂದರ ಹಿಂದೊಂದು ಅಲ್ಲದೆ ಅಕ್ಕಪಕ್ಕದಲ್ಲಿ ಓಡಿಸುವ ಅನುಕೂಲ. ದನಿಯ ಮೂಲವನ್ನು ಹಾಗೆಯೇ ಉಳಿಸಿಕೊಂಡು ಅದರ ಜೊತೆಗೆ ಬಿಗಿಯಾಗಿ ಕಂಪ್ರೆಸ್ ಮಾಡಿದ, ಅಂದರೆ ಜೋರು ಮೆದುವಿನ ಅಂತರ ತಗ್ಗಿಸಿದ, ಇನ್ನೊಂದು ಪದರವನ್ನು ಬೆರೆಸಲು ಮೊದಲು ನಾನು ಬೇರೆ ಟ್ರ್ಯಾಕ್ ಮಾಡುತ್ತಿದ್ದೆ, ಈಗ ಒಂದೇ ಟ್ರ್ಯಾಕಿನಲ್ಲಿ ಸುಲಭವಾಗಿ ಆಗುತ್ತದೆ. ಹಲವು ಎಫೆಕ್ಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವ ಕಂಟೇನರ್ ಸೌಲಭ್ಯವನ್ನು ಬಹಳ ಜನ ಹೊಗಳುತ್ತಾರೆ. ನನಗೆ 6ರಲ್ಲಿಯೂ ಇದ್ದ ಎಫೆಕ್ಟ್ ಸರಣಿಯನ್ನು ಉಳಿಸಿಟ್ಟುಕೊಳ್ಳುವ ಕ್ರಮವೇ ಸಾಕೆನಿಸಿತು. ಹೊಸ ಥೀಮ್ ಅಂದವಾಗಿದೆ. ಅದಕ್ಕಾಗಿ ಯಾರೂ ಹಣ ಕೊಡಬೇಕಿಲ್ಲ.

ಹಾಗಾದರೆ ಯಾರಿಗೆ ಇದು ಬೇಡ? ಸಂಗೀತ ಕಛೇರಿಗಳನ್ನು ನೇರವಾಗಿ ರೆಕಾರ್ಡ್ ಮಾಡುವವರಿಗೆ ಬೇಡವೆಂದು ಧೈರ್ಯವಾಗಿ ಹೇಳುತ್ತೇನೆ. ಗಾಯನ, ಪಿಟೀಲು, ಮೃದಂಗ, ತಂಬೂರಿ ಇವೆಲ್ಲ ಎರಡು ಗಂಟೆ ಒಂದೇ ಓಟದಲ್ಲಿ ರೆಕಾರ್ಡ್ ಆಗುವ ಕಡೆ ಎರಡನೆಯ ಟೇಕ್ ಎಂಬುದೇ ಇರುವುದಿಲ್ಲ, ಅಲ್ಲಿ ಲೇನ್‌ಗಳಿಂದ ಏನೂ ಆಗಬೇಕಾದ್ದಿಲ್ಲ. ಮಾತಿನ ಕಾರ್ಯಕ್ರಮ, ಕಥಾವಾಚನ ಮಾಡುವವರಿಗೂ 6ರಲ್ಲಿ ಬಂದ ರೇಜರ್ ಎಡಿಟ್ ಎಂಬ ಕತ್ತರಿಸುವ ಸಾಧನ ಸಾಕಷ್ಟು ಹರಿತವಾಗಿದೆ. 6ನೇ ಆವೃತ್ತಿಯ ಕಾಲದಲ್ಲಿ ಪರವಾನಗಿ ಕೊಂಡವರ ವಿಷಯದಲ್ಲಿ ಪ್ರಶ್ನೆಯೇ ಏಳುವುದಿಲ್ಲ, 7.99ರವರೆಗೆ ಅವರಿಗೆ ಪುಕ್ಕಟೆ.

ಬದಲಾಗುವವರು ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ರೀಪರಿಗೆ ಬರುವ ಮೊದಲು ನಾನು ಬಳಸುತ್ತಿದ್ದ ಬೇರೊಂದು ತಂತ್ರಾಂಶವನ್ನು, ದೇವರನಾಮಗಳ ಒಂದು ಸಂಕಲನ ಅರ್ಧ ಆಗಿದ್ದಾಗ, ಹೊಸ ಆವೃತ್ತಿಗೆ ಏರಿಸಿದೆ. ಮರುದಿನ ಬೆಳಿಗ್ಗೆ ತೆರೆದರೆ ಹಿನ್ನೆಲೆಯ ಗದ್ದಲವನ್ನು ತೆಗೆದುಹಾಕುವ ಹಳೆಯ ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪೂರಕ) ಒಂದು ಏಳಲೇ ಇಲ್ಲ. ಮುಗಿದಿದ್ದ ಮೂರು ಹಾಡುಗಳ ಮಿಕ್ಸಿಂಗನ್ನು ಮೊದಲಿನಿಂದ ಮಾಡಬೇಕಾಯಿತು, ರಾಮನವಮಿಗೆ ಬಿಡುಗಡೆಯಾಗಬೇಕಿದ್ದ ಸಂಕಲನ ತಿಂಗಳು ತಡವಾಯಿತು, ಹಾಡಿದ ಹಿರಿಯರು ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾನು ಇನ್ನೂ ಮರೆತಿಲ್ಲ. ಆದ್ದರಿಂದ ಈ ಬಾರಿ 6ನ್ನು ಮುಟ್ಟಲಿಲ್ಲ. ರೀಪರನ್ನು ಸ್ಥಾಪಿಸುವಾಗ ಪೋರ್ಟಬಲ್ ಎಂಬ ಆಯ್ಕೆಯನ್ನು ಗುರುತು ಹಾಕಿದರೆ ಅದು ಬೇರೆ ಫೋಲ್ಡರಿನಲ್ಲಿ, ತನ್ನದೇ ಸೆಟ್ಟಿಂಗ್‌ಗಳೊಡನೆ, ಹಳೆಯದಕ್ಕೆ ತೊಡಕಾಗದಂತೆ ಕುಳಿತುಕೊಳ್ಳುತ್ತದೆ. ವಿಂಡೋಸಿನಲ್ಲಿ ಅದರ ಗಾತ್ರವೂ ಅಲ್ಪ. ಪ್ರಾಜೆಕ್ಟಿನ ಒಂದು ನಕಲನ್ನು ಮಾಡಿಕೊಂಡು ಆ ನಕಲನ್ನೇ 7ರಲ್ಲಿ ತೆರೆದೆ. 6ರ ಪ್ರಾಜೆಕ್ಟುಗಳು 7ರಲ್ಲಿ ಸರಾಗವಾಗಿ ತೆರೆದುಕೊಂಡವು, ನನ್ನ 32 ಬಿಟ್‌ನ ಹಳೆಯ ಪ್ಲಗಿನ್‌ಗಳು ಎರಡೂ ನಡೆದವು. ಆದರೆ 7ರಲ್ಲಿ ಲೇನ್‌ಗಳನ್ನು ಬಳಸಿ ಉಳಿಸಿದ್ದನ್ನು ಮತ್ತೆ 6ರಲ್ಲಿ ತೆರೆದು ಕೆಲಸ ಮಾಡಬಾರದು. 6ಕ್ಕೆ ಲೇನ್ ಎಂದರೇನೆಂದೇ ತಿಳಿಯದು.

ಐವತ್ತೆರಡನೆಯ ದಿನ ನಾನು 60 ಡಾಲರ್ ಕೊಟ್ಟು ಪರವಾನಗಿ ಪಡೆದೆ. ಎಂಟು ಹಾಡುಗಳಲ್ಲಿ ಮಿಕ್ಸಿಂಗ್ ಆಗಲೇ ಶುರುವಾಗಿದ್ದ ಮೂರನ್ನು 6ರಲ್ಲೇ ಮುಗಿಸಿದೆ, ಉಳಿದ ಐದು 7ರಲ್ಲಿ ಆದವು. ಹನ್ನೊಂದು ಟೇಕ್‌ಗಳ ಆ ಹಾಡನ್ನು ಗಾಯಕಿಗೆ ಕೇಳಿಸಿದಾಗ ಅವರು ಎರಡನೆಯ ಚರಣದ ಒಂದೇ ಒಂದು ಸಾಲಿಗೆ ಬೇರೆ ಟೇಕ್ ಕೇಳಿದರು. ಒಂಬತ್ತನೆಯ ಟೇಕಿನ ಲೇನಿನ ಮೇಲೆ ಮೌಸ್ ಎಳೆದು, ಅಂಚನ್ನು ‘ಪ’ಕಾರದ ಮುಂಚಿನ ಮೌನಕ್ಕೆ ತಂದು ನಿಲ್ಲಿಸಿ, ಅವರೆದುರಿಗೇ ಬದಲಿಸಿ ಕೇಳಿಸಿದೆ. ಆ ಸಾಲು ಹಾಗೆಯೇ ಉಳಿದಿದೆ.