ವಿದ್ಯಾನಗರದ ಭಾನುವಾರದ ಎಬಿಜಿ ಟ್ಯೂಷನ್: ಹೋಗಬಹುದಾ?

ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಓದುವವರಿಗೆ ಎಬಿಜಿ (ಅಪಧಮನಿಯ ರಕ್ತದಲ್ಲಿ ಆಸಿಡ್, ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ನೋಡುವ ಪರೀಕ್ಷೆ) ಅಂದರೆ ಸಾಕು, ತಲೆ ಬಿಸಿ. ದಾವಣಗೆರೆಯ ವಿದ್ಯಾನಗರದಲ್ಲಿ ಐಸಿಯುನಲ್ಲಿ ಕೆಲಸ ಮಾಡಿದ್ದ ಸಿಸ್ಟರ್ ಒಬ್ಬರು ಮನೆ ಮಹಡಿ ಮೇಲೆ ಇದನ್ನೇ ಹೇಳಿಕೊಡುತ್ತಾರೆ. ಹೊರಗೆ ನಾಮಫಲಕವೂ ಇಲ್ಲ, ಹೆಸರೂ ಇಲ್ಲ. ಉಸಿರಾಟದ ಭಾಗ ಅರ್ಥ ಆಗಬೇಕು ಅಂದರೆ ಕಣ್ಣು ಮುಚ್ಚಿಕೊಂಡು ಹೋಗಿ.

ಮೇಡಂ ಮೊದಲೇ ರಿಪೋರ್ಟ್ ಕೈಗೆ ಕೊಡುವುದಿಲ್ಲ. ರೋಗಿ ಹೇಗೆ ಉಸಿರಾಡುತ್ತಿದ್ದಾರೆ ಅಂತ ಹೇಳಿ, ಪಿಎಚ್ (ರಕ್ತದಲ್ಲಿ ಆಸಿಡ್ ಏರಿದರೆ ಇಳಿಯುವ ಅಳತೆ) ಎತ್ತ ಹೋಗಿರಬೇಕು ಅಂತ ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ಉದಾಹರಣೆಗೆ, ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವಾಗ ವಿಷ ಏರಿ ಬಂದವರು, ಬಾಯಿ ತುಂಬಾ ಜೊಲ್ಲು, ಎದೆಯಲ್ಲಿ ಗೊರಗೊರ, ಉಸಿರು ಎಳೆಯುವ ಸ್ನಾಯುಗಳಲ್ಲೇ ಶಕ್ತಿ ಇಲ್ಲ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ, ರಕ್ತದಲ್ಲಿ ಆಸಿಡ್ ಏರುತ್ತದೆ. ಇಷ್ಟು ಹೇಳಿದ ಮೇಲೆ ನಾರ್ಮಲ್ ಬರೆಸುತ್ತಾರೆ: ಪಿಎಚ್ 7.35ರಿಂದ 7.45, ಪಿಸಿಒ2 (ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ) 35ರಿಂದ 45, ಬೈಕಾರ್ಬ್ (ಆಸಿಡ್ ತಗ್ಗಿಸುವ ಬೈಕಾರ್ಬನೇಟ್) 22ರಿಂದ 26.

ನನಗೆ ತುಂಬಾ ಹಿಡಿಸಿದ್ದು ಬೋರ್ಡ್ ಮೇಲೆ ಅಕ್ಕಪಕ್ಕ ಬರೆದ ಇಬ್ಬರು ರೋಗಿಗಳು. ಇಬ್ಬರಿಗೂ ಪಿಸಿಒ2 60. ಒಬ್ಬರಿಗೆ ಪಿಎಚ್ 7.26, ಬೈಕಾರ್ಬ್ 26. ಇನ್ನೊಬ್ಬರಿಗೆ 7.34, 31. ಮೊದಲನೆಯವರದ್ದು ಈಗಷ್ಟೇ ಶುರುವಾದದ್ದು, ಕಿಡ್ನಿಗೆ ಇನ್ನೂ ಟೈಮೇ ಸಿಕ್ಕಿಲ್ಲ. ಎರಡನೆಯವರು ವರ್ಷಗಟ್ಟಲೆ ಬೀಡಿ ಸೇದಿ ಸಿಒಪಿಡಿ (ಉಸಿರು ಸರಾಗವಾಗಿ ಹೋಗದಂತಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಂದ ಅಜ್ಜ. ಕಿಡ್ನಿ ಬೈಕಾರ್ಬ್ ಹಿಡಿದಿಟ್ಟುಕೊಂಡು ಪಿಎಚ್ ಅನ್ನು ಹೆಚ್ಚುಕಡಿಮೆ ಸರಿಗೆ ತಂದಿದೆ, ಅದಕ್ಕೆ 3ರಿಂದ 5 ದಿನ ಬೇಕಾಗುತ್ತದೆ. ಈ ಅಜ್ಜನಿಗೆ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಶೇಕಡಾ 88ರಿಂದ 92 ಇದ್ದರೆ ಸಾಕು, 100 ಮಾಡೋಕೆ ಹೋಗಿ ಸುಮ್ನೆ ಆಕ್ಸಿಜನ್ ತಿರುಗಿಸಿದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು ಅಂತ ಮೇಡಂ ಹೇಳಿದಾಗ ಹಿಂದಿನ ಬೆಂಚಿನವರೂ ಪೆನ್ ತೆಗೆದರು. ವಾರ್ಡಿನಲ್ಲಿ ಬೇಕಾಗುವುದು ಇದೇ ಅಲ್ವಾ?

ಸ್ಯಾಂಪಲ್ ಬಗ್ಗೆಯೂ ಚೆನ್ನಾಗಿ ಹೇಳಿದರು. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಪಿಸಿಒ2 ಕಡಿಮೆ ತೋರಿಸುತ್ತದೆ. ಸೂಜಿ ತೆಗೆದ ಮೇಲೆ ಕನಿಷ್ಠ 5 ನಿಮಿಷ ಒತ್ತಿ ಹಿಡಿಯಬೇಕು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ ಹೊತ್ತು.

ಆಲ್ಕಲೋಸಿಸ್ (ಆಸಿಡ್ ಕಡಿಮೆಯಾಗಿ ಪಿಎಚ್ ಏರುವುದು) ಮಾತ್ರ ಓಡಿಸಿಬಿಟ್ಟರು. ಗಾಬರಿಯಿಂದ ಏದುಸಿರು ಬಿಡುವ ಹುಡುಗಿ, ಬೆರಳು ಜುಮುಜುಮು, ಕೈ ಸೆಟೆದುಕೊಳ್ಳುವುದು, ಇಷ್ಟೇ. ಪಿಎಚ್ ಏರಿದಾಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ಅದಕ್ಕೇ ಹೀಗಾಗುವುದು ಅಂತ ನಾವೇ ಕೇಳಿ ಹೇಳಿಸಿಕೊಳ್ಳಬೇಕಾಯಿತು. ಏದುಸಿರು ಕಂಡ ತಕ್ಷಣ ಬರೀ ಗಾಬರಿ ಅಂದುಕೊಳ್ಳಬಾರದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೂ ಹೀಗೇ ಆಗಬಹುದು. ಇದಕ್ಕೆ ಇನ್ನರ್ಧ ಗಂಟೆ ಕೊಡಬೇಕಿತ್ತು.

ನೋಟ್ಸ್ ಜೆರಾಕ್ಸ್ ಮಸುಕು. ಕರೆಂಟ್ ಹೋದರೆ ಫ್ಯಾನೂ ಇಲ್ಲ. ಫೀಸ್ ಕೈಗೆಟುಕುವಂತಿದೆ. ಮೆಟಬಾಲಿಕ್ ಭಾಗ (ಉಸಿರಾಟದಿಂದಲ್ಲದೆ ಬೇರೆ ಕಾರಣಕ್ಕೆ ಪಿಎಚ್ ಕೆಡುವುದು) ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಬ್ಯಾಚ್, ಬೇರೆ ದುಡ್ಡು. ಸೇರುವ ಮುಂಚೆ ಕೇಳಿಕೊಳ್ಳಿ.