ಪುತ್ತೂರು ಕಡೆಯ ನಮ್ಮ ಸರ್ಕಾರಿ ಶಾಲೆ: ಮಕ್ಕಳನ್ನು ಸೇರಿಸುವ ಮೊದಲು ಓದಿ

ಮೇ ತಿಂಗಳು ಬಂತೆಂದರೆ ಹಾಲಿನ ಸೊಸೈಟಿಯಲ್ಲಿ ನನಗೆ ಇದೇ ಪ್ರಶ್ನೆ. "ನಿಮ್ಮ ಮಕ್ಕಳು ಹೋಗುವ ಶಾಲೆ ಹೇಗುಂಟು ಅಕ್ಕಾ? ನಮ್ಮವರನ್ನೂ ಅಲ್ಲಿಗೇ ಹಾಕಬಹುದಾ?" ಹಾಲು ಅಳೆಯುತ್ತಾ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪುತ್ತೂರು ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ಕ್ಲಾಸಿನವರೆಗೆ. ನನ್ನ ಮಗಳು ಐದನೇ ಕ್ಲಾಸು, ಮಗ ಎರಡನೇ ಕ್ಲಾಸು. ಇಬ್ಬರೂ ಶುರುವಿನಿಂದ ಇಲ್ಲೇ. ನಾನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ ಕೂಡ. ಹಾಗಾಗಿ ಅಂಗಳವೂ ಗೊತ್ತು, ಅಡುಗೆ ಕೋಣೆಯೂ ಗೊತ್ತು, ಲೆಕ್ಕದ ಪುಸ್ತಕವೂ ಗೊತ್ತು.

ಮೊದಲು ನಲಿ-ಕಲಿ, ಅಂದರೆ ಸಣ್ಣ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯ ಕೋಣೆಯ ವಿಷಯ ಹೇಳುತ್ತೇನೆ. ಸಣ್ಣ ಮಕ್ಕಳನ್ನು ಸೇರಿಸುವವರು ಮುಖ್ಯವಾಗಿ ನೋಡಬೇಕಾದದ್ದು ಅದನ್ನೇ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇದನ್ನು ನೋಡಿದ ತಕ್ಷಣ ಕೆಲವರು "ಅಯ್ಯೋ, ಟೀಚರ್ ಇಲ್ಲದ್ದಕ್ಕೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದಾರೆ" ಅನ್ನುತ್ತಾರೆ. ಹಾಗಲ್ಲ, ಆ ಪದ್ಧತಿಯೇ ಹಾಗೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಅಲ್ಲಿನ ಶಿಕ್ಷಕರೇ ಸೇರಿ ಶುರು ಮಾಡಿದ್ದು. ಆಮೇಲೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಒಳಗೆ ಬೆಂಚುಗಳಿಲ್ಲ. ನೆಲಕ್ಕೆ ಹತ್ತಿರ ಇರುವ ಮೇಜುಗಳ ಸುತ್ತ ಮಕ್ಕಳು ಕೂರುತ್ತಾರೆ. ಈ ಗುಂಪುಗಳಿಗೆ ತಟ್ಟೆ ಅನ್ನುತ್ತಾರೆ. ಮೊದಲ ತಟ್ಟೆಯಲ್ಲಿ ಟೀಚರ್ ಪಕ್ಕದಲ್ಲೇ ಕೂತು ಪೂರ್ತಿ ಕಲಿಸುತ್ತಾರೆ. ಮುಂದಿನದರಲ್ಲಿ ಅವರ ಸಹಾಯ ಸ್ವಲ್ಪ ಕಮ್ಮಿ. ಆಮೇಲೆ ಜೊತೆಯ ಮಕ್ಕಳ ಸಹಾಯ. ಕೊನೆಯ ತಟ್ಟೆಯಲ್ಲಿ ಮಗು ತಾನೇ ಮಾಡಬೇಕು. ಗೋಡೆಯ ಮೇಲೆ ಕಲಿಕಾ ಏಣಿ ಇದೆ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಚಿತ್ರಗಳಲ್ಲಿ ತೋರಿಸಿದ ಪಟ್ಟಿ. ಮಗು ತನ್ನ ಮೆಟ್ಟಿಲು ಯಾವುದು ಅಂತ ನೋಡಿಕೊಂಡು ಆ ಚಿತ್ರದ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಜ್ವರ ಬಂದು ಒಂದು ವಾರ ಮನೆಯಲ್ಲಿ ಉಳಿದರೂ ಪರವಾಗಿಲ್ಲ. ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಸುತ್ತದೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದೇ ಇದು. "ನೀನು ಹಿಂದೆ ಬಿದ್ದೆ" ಅಂತ ಯಾರೂ ಹೇಳುವುದಿಲ್ಲ.

ಅಕ್ಷರ ಕಲಿಸುವುದೂ ಅ ಆ ಇ ಈ ಅಂತ ಅಲ್ಲ. ರ, ಗ, ಸ, ದ, ಅ ಇಂದ ಶುರು. ನಮ್ಮ ಮಾವನಿಗೆ ಇದು ಸುತರಾಂ ಒಪ್ಪಿಗೆ ಆಗಿರಲಿಲ್ಲ. ಆದರೆ ಅಷ್ಟೇ ಅಕ್ಷರ ಬಂದ ಮೇಲೆ ಮಗ ಸರ, ಅರಸ, ಗರಗಸ ಅಂತ ಓದಲು ಶುರು ಮಾಡಿದ. ಮಾವನ ಮರದ ಪೆಟ್ಟಿಗೆಯಿಂದ ಗರಗಸ ತೆಗೆದು ತಂದು ಅವರ ಮುಂದೆಯೇ ಸ್ಲೇಟಿನಲ್ಲಿ ಬರೆದು ತೋರಿಸಿದ. ಅವತ್ತಿನಿಂದ ಅಜ್ಜ ಮೊಮ್ಮಗ ಸೇರಿ ಹಾಗೆ ಓದಲು ಬರುವ ಪದ ಹುಡುಕುತ್ತಾ ಕೂರುತ್ತಾರೆ.

ಕೋಣೆಯ ಮೇಲ್ಗಡೆ ದಾರ ಕಟ್ಟಿದ ಕಲಿಕಾ ಚಪ್ಪರ. ಮಕ್ಕಳು ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದ ಎಲ್ಲ ಅದರಲ್ಲಿ ನೇತಾಡುತ್ತವೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಹಚ್ಚಿ ಒಂದೊಂದು ಮಗುವಿಗೆ ಒಂದೊಂದು ಪಾಲು ಕೊಟ್ಟಿದ್ದಾರೆ. ಅಲ್ಲಿ ಏನು ಬೇಕಾದರೂ ಬರೆಯಬಹುದು. ಬಾಗಿಲ ಪಕ್ಕ ಹವಾಮಾನದ ನಕ್ಷೆ. ಜೂನ್, ಜುಲೈಯಲ್ಲಿ ಪಾಪ, ದಿನಾ ಮೋಡವೇ ಬಿಡಿಸಬೇಕು.

ಭಾಷೆಯ ಬಗ್ಗೆ ಹೆದರುವವರಿಗೆ ಒಂದು ಮಾತು. ನಮ್ಮಲ್ಲಿ ಮನೆಯಲ್ಲಿ ತುಳು ಮಾತಾಡುವವರೇ ಜಾಸ್ತಿ. ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿದ್ದಾರೆ. ತೋಟದ ಕೆಲಸಕ್ಕೆ ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಒಂದನೇ ಕ್ಲಾಸಿನ ಮಗು ತುಳುವಿನಲ್ಲಿ ಕೇಳಿದರೆ ಟೀಚರ್ ಗದರಿಸುವುದಿಲ್ಲ. ತುಳುವಿನಲ್ಲೇ ಉತ್ತರ ಕೊಟ್ಟು, ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾರೆ. ದೀಪಾವಳಿ ಬರುವಷ್ಟರಲ್ಲಿ ಮಕ್ಕಳು ಕನ್ನಡದಲ್ಲಿ ಜಗಳ ಆಡುವಷ್ಟು ಕಲಿತಿರುತ್ತಾರೆ!

ಇನ್ನು ಹಾಲು ಮತ್ತು ಊಟ. ಹಾಲಿನ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ದಿನಾ ಅದೇ ಕೆಲಸ ನೋಡಿ. 2013ರ ಆಗಸ್ಟ್‌ನಲ್ಲಿ ಶುರುವಾದ, ಶಾಲಾ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿ ಹಾಲು. "ಪುಡಿ ಹಾಲಾ?" ಅಂತ ಮೂಗು ಮುರಿಯುವವರು ಇದ್ದಾರೆ. ಅದು ನಂದಿನಿ ಪುಡಿ, ನಮ್ಮಂಥ ಸೊಸೈಟಿಗಳಿಗೆ ರೈತರು ಹಾಕಿದ ಹಾಲಿನದ್ದೇ. ರುಚಿ ಕೆಡುವುದು ಕಲಸುವಾಗ. ಕುದಿಯುವ ನೀರಿಗೆ ಒಟ್ಟಿಗೇ ಸುರಿದರೆ ಗಂಟು ಕಟ್ಟುತ್ತದೆ, ಮಕ್ಕಳು ಮುಟ್ಟುವುದಿಲ್ಲ. ನಮ್ಮ ಶಾಲೆಯ ಅಡುಗೆ ಅಕ್ಕ ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಪುಡಿಯನ್ನು ಕಡೆಗೋಲಿನಿಂದ ಕಡೆದು, ಆಮೇಲೆ ಬಿಸಿ ಮಾಡುತ್ತಾರೆ. ಗಂಟು ಇಲ್ಲ, ತಳ ಹಿಡಿದ ವಾಸನೆ ಇಲ್ಲ. 2024ರಿಂದ ಹಾಲಿಗೆ ರಾಗಿ ಮಾಲ್ಟ್ ಬೆರೆಸಿಯೂ ಕೊಡುತ್ತಿದ್ದಾರೆ. ಅದು ಬಂದ ಮೇಲೆ ಲೋಟದಲ್ಲಿ ಉಳಿಸುವ ಮಕ್ಕಳು ಕಮ್ಮಿ ಆದರು.

ಮಧ್ಯಾಹ್ನ ಅನ್ನ ಸಾಂಬಾರು. ಮನೆಯಲ್ಲಿ ಕುಚ್ಚಲಕ್ಕಿ ಉಂಡು ಅಭ್ಯಾಸ ಆದ ಮಕ್ಕಳಿಗೆ ಇಲ್ಲಿಯ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಶುರುವಿಗೆ ಸೇರುವುದಿಲ್ಲ. ಒಂದೆರಡು ವಾರ ಕೊಡಿ, ಸರಿಯಾಗುತ್ತದೆ. ಸಾಂಬಾರಿಗೆ ಶಾಲೆಯ ಕೈತೋಟದ ಬಸಳೆ, ಹರಿವೆ, ತೊಂಡೆಕಾಯಿ ಬೀಳುತ್ತದೆ. ಮನೆಯಲ್ಲಿ ಸೌತೆಕಾಯಿ ಜಾಸ್ತಿ ಆದವರು ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಬಡಿಸುವ ಮೊದಲು ಟೀಚರ್ ಒಬ್ಬರು ಉಂಡು ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನಮ್ಮ ತಾಯಂದಿರೂ ಸರದಿಯಲ್ಲಿ ಹೋಗಿ ರುಚಿ ನೋಡುತ್ತೇವೆ. ಉಪ್ಪು ಜಾಸ್ತಿ ಆದ ದಿನ ನಾನು ಹಾಗೆಯೇ ಬರೆದಿದ್ದೇನೆ, ಅಕ್ಕ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ಆರು ದಿನ ಆಯಿತು. ಬೇಡ ಅಂದವರಿಗೆ ಬಾಳೆಹಣ್ಣು. ಎಲ್ಲರೂ ಒಂದೇ ಜಗಲಿಯಲ್ಲಿ ಸಾಲಾಗಿ ಕೂತು ಉಣ್ಣುತ್ತಾರೆ, ಯಾರ ಮಗು ಯಾರ ಪಕ್ಕ ಅಂತ ನೋಡುವ ಪದ್ಧತಿಯೇ ಇಲ್ಲ. ಊಟ ಆದ ಮೇಲೆ ಮೊಟ್ಟೆ ಸಿಪ್ಪೆಯೆಲ್ಲ ಮಲ್ಲಿಗೆ ಬುಡಕ್ಕೆ. ಅದು ಆರನೇ ಕ್ಲಾಸಿನವರ ಜವಾಬ್ದಾರಿ.

ಈ ಶಾಲೆ ನಡೆಯುತ್ತಿರುವುದು ಊರಿನ ಜನರಿಂದ. ಕಾನೂನಿನ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಕಾಗದದ ಮೇಲೆ ಎಲ್ಲ ಕಡೆ ಇದೆ. ನಮ್ಮಲ್ಲಿ ಮೀಟಿಂಗಿಗೆ ಜನ ನಿಜವಾಗಿ ಬರುತ್ತಾರೆ, ಬಂದವರು ಮಾತಾಡುತ್ತಾರೆ. ಶಾಲೆಯ ಹಿಂದಿನ ಜಾಗದಲ್ಲಿ ಊರವರು ಸೇರಿ ಅಡಿಕೆ ಗಿಡ ನೆಟ್ಟಿದ್ದರು. ಈಗ ಫಸಲು ಬರುತ್ತದೆ. ಮಳೆ ಹಿಡಿಯುವ ಮೊದಲು, ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ಯಾರಾದರೂ ಪುಕ್ಕಟೆ ಬಂದು ಮರ ಹತ್ತುತ್ತಾರೆ. ಅಡಿಕೆ ಮಾರಿದ ದುಡ್ಡಿನಲ್ಲಿ ಗೌರವ ಶಿಕ್ಷಕಿಯ, ಅಂದರೆ ನಾವೇ ಇಟ್ಟುಕೊಂಡ ಟೀಚರ್ ಸಂಬಳ. ಆ ಲೆಕ್ಕವನ್ನು ಆಗಸ್ಟ್ 15ರಂದು ಧ್ವಜಾರೋಹಣ ಆದ ಮೇಲೆ ಎಲ್ಲರೆದುರು ಓದುತ್ತಾರೆ. ಸುಣ್ಣದ ಡಬ್ಬಿ ಎಷ್ಟಕ್ಕೆ ತಂದರು ಅಂತ ಕೂಡ ಕೇಳುವವರಿದ್ದಾರೆ. ಕೇಳಲಿ, ಕೇಳಲೇಬೇಕು.

ಮೇ ಕೊನೆಯಲ್ಲಿ ಶ್ರಮದಾನ. ಹುಲ್ಲು ಕೆತ್ತುವುದು, ಒಡೆದ ಹಂಚು ಬದಲಿಸುವುದು, ಬಾವಿಗೆ ಬಲೆ ಹಾಕುವುದು. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಹಳೆ ವಿದ್ಯಾರ್ಥಿಗಳು ದುಡ್ಡು ಕಳಿಸುತ್ತಾರೆ. ಇಲ್ಲೇ ಇರುವವರು ಮೈ ಬಗ್ಗಿಸುತ್ತಾರೆ. ಗಾರೆ ಕೆಲಸದವರು, ಆಟೋದವರು, ಬೀಡಿ ಕಟ್ಟುವ ತಾಯಂದಿರು ಎಲ್ಲ ಒಂದೇ ಸಾಲಿನಲ್ಲಿ ಬುಟ್ಟಿ ದಾಟಿಸುತ್ತಾರೆ. ಮಕ್ಕಳು ಇದನ್ನೆಲ್ಲ ನೋಡುತ್ತಾರಲ್ಲ, ಅದಕ್ಕೇ ಇರಬೇಕು, ಇಲ್ಲಿ ಗೋಡೆ ಗೀಚುವವರು ಕಮ್ಮಿ. ಆ ಗೋಡೆಗೆ ಸುಣ್ಣ ಬಳಿದದ್ದು ಯಾರು ಅಂತ ಅವರಿಗೆ ಗೊತ್ತು.

ಕೊರತೆಗಳನ್ನೂ ಹೇಳಬೇಕು. ಮೇಲಿನ ಕ್ಲಾಸುಗಳಿಗೆ ಟೀಚರ್ ಸಾಲದು. ನಾಲ್ಕು, ಐದನ್ನು ಎಷ್ಟೋ ಪಿರಿಯಡ್ ಒಟ್ಟಿಗೆ ಕೂರಿಸುತ್ತಾರೆ. ನಲಿ-ಕಲಿಯಲ್ಲಿ ಒಟ್ಟಿಗೆ ಕೂರುವುದು ಬೇರೆ, ಇದು ಬೇರೆ. ಇಲ್ಲಿ ಒಂದು ಕ್ಲಾಸಿಗೆ ಪಾಠ ನಡೆಯುವಾಗ ಇನ್ನೊಂದು ಕ್ಲಾಸು ಸುಮ್ನೆ ಬರೆಯುತ್ತಾ ಕೂತಿರುತ್ತದೆ. ನನ್ನ ಮಗಳ ಗಣಿತಕ್ಕೆ ಅದರಿಂದ ಪೆಟ್ಟು ಬಿದ್ದಿದೆ. ಭಿನ್ನರಾಶಿಯನ್ನು ಮನೆಯಲ್ಲೇ ಕಾಗದ ಮಡಚಿ ಕಲಿಸಬೇಕಾಯಿತು. ಹೆಡ್‌ಮಾಸ್ಟರಿಗೆ ಆನ್‌ಲೈನ್ ಮಾಹಿತಿ ತುಂಬುವುದು, ಮೀಟಿಂಗು ಅಂತ ಅರ್ಧ ದಿನ ಹೋಗುತ್ತದೆ. ಪಾಠ ಮಾಡಲು ಆಸೆ ಇರುವ ಮನುಷ್ಯ, ನೋಡಿದರೆ ಸಂಕಟ ಆಗುತ್ತದೆ. ಆಟದ ಮೇಷ್ಟ್ರು ಇಲ್ಲ. ಖೋಖೋ, ಕಬಡ್ಡಿಯನ್ನು ಊರಿನ ಹುಡುಗರು ಶನಿವಾರ ಬಂದು ಆಡಿಸುತ್ತಾರೆ. ಏಪ್ರಿಲ್ ಹೊತ್ತಿಗೆ ಬಾವಿಯ ನೀರು ಕೆಳಗಿಳಿದು ಶೌಚಾಲಯಕ್ಕೆ ಕಷ್ಟ. ಇಂಗ್ಲಿಷ್ ಒಂದನೇ ಕ್ಲಾಸಿನಿಂದಲೇ ಇದೆ, ಆದರೆ ಮಾತಾಡಿಸಿ ಕಲಿಸುವುದು ಸಾಲದು. ಏಳನೇ ಕ್ಲಾಸು ಮುಗಿಸಿದ ಮಗು ಫಟಫಟ ಇಂಗ್ಲಿಷ್ ಮಾತಾಡಬೇಕು ಅನ್ನುವವರಿಗೆ ಈ ಶಾಲೆ ಸಾಕಾಗುವುದಿಲ್ಲ. ಕನ್ನಡ ಪೇಪರನ್ನು ತಡವರಿಸದೆ ಓದಬೇಕು, ನಾಲ್ಕು ಜನರ ಎದುರು ನಿಂತು ಮಾತಾಡಬೇಕು ಅಂದರೆ ಧೈರ್ಯವಾಗಿ ಸೇರಿಸಿ. ಬೆಳಗ್ಗಿನ ಪ್ರಾರ್ಥನೆಯಲ್ಲಿ ಪೇಪರ್ ಓದುವ ಸರದಿ ಪ್ರತಿಯೊಬ್ಬರಿಗೂ ಬರುತ್ತದೆ, ನಾಚುವ ಮಕ್ಕಳಿಗೂ.

ಖರ್ಚು ಕೇಳುತ್ತೀರಿ ಅಲ್ವಾ? ಫೀಸು ಇಲ್ಲ. ಪುಸ್ತಕ, ಯೂನಿಫಾರ್ಮ್, ಶೂ, ಊಟ ಎಲ್ಲ ಶಾಲೆಯಿಂದಲೇ. ಯೂನಿಫಾರ್ಮಿನ ಎರಡನೇ ಜೊತೆ ತಡವಾಗಿ ಬಂದ ವರ್ಷ ಉಂಟು, ಹಾಗಾಗಿ ಹಳೆಯದನ್ನು ಎಸೆಯಬೇಡಿ. ಮಳೆಗಾಲಕ್ಕೆ ಕೊಡೆ ಒಳ್ಳೆಯದು ತೆಗೆದುಕೊಡಿ, ಗದ್ದೆ ಬದಿಯ ದಾರಿಯಲ್ಲಿ ಗಾಳಿ ಜೋರು. ದುಡ್ಡು ಕೊಡಬೇಕಾಗಿಲ್ಲ, ಆದರೆ ಸಮಯ ಕೊಡಬೇಕು. ಮೀಟಿಂಗು, ಶ್ರಮದಾನ, ರುಚಿ ನೋಡುವ ಸರದಿ ಇದಕ್ಕೆಲ್ಲ ಬಾರದವರ ಮನೆಗೆ ನಾವೇ ಹೋಗಿ ಕರೆಯುತ್ತೇವೆ. ಅದು ಆಗುವುದಿಲ್ಲ ಅನ್ನುವವರು ಮೊದಲೇ ಯೋಚಿಸಿ.

ದೂರದವರಿಗೆ ಹಳೆ ವಿದ್ಯಾರ್ಥಿ ಸಂಘದವರು ಒಂದು ಜೀಪು ಇಟ್ಟಿದ್ದಾರೆ. ಡೀಸೆಲ್ ಖರ್ಚನ್ನು ಪೋಷಕರು ಹಂಚಿಕೊಳ್ಳುತ್ತಾರೆ. ಸೀಟು ಕಮ್ಮಿ, ಒಂದನೇ ಕ್ಲಾಸಿನವರಿಗೆ ಮೊದಲು. ಬೇಕಾದವರು ಜೂನ್ ತನಕ ಕಾಯದೆ ಮೇ ತಿಂಗಳಲ್ಲೇ ಹೆಸರು ಬರೆಸಿ. ಶಾಲೆಗೆ ರಜೆ ಇದ್ದರೂ ಹೆಸರು ಬರೆಯುವ ಪುಸ್ತಕ ಸೊಸೈಟಿಯಲ್ಲಿ ನನ್ನ ಹತ್ತಿರ ಇರುತ್ತದೆ, ಬೆಳಗ್ಗೆ ಹಾಲು ಹಾಕಲು ಬರುವಾಗ ಹೇಳಿದರೆ ಆಯಿತು.